ನಡೆದರೆ ಬರುವ ಪದ್ಯ

ಇವತ್ತು ಕಾರು ಸ್ವಚ್ಛ ಮಾಡುವಾಗ ಸೀಟಿನ ಸಂದಿಯಲ್ಲಿ ಒಂದು ಪೆಪ್ಪರ್‌ಮೆಂಟು ಸಿಕ್ಕಿತು. ಮೂಸಿದ ಕೂಡಲೇ ಎದೆ ಡವಡವ ಎಂದಿತು. ಪೆಪ್ಪರ್‌ಮೆಂಟಿಗೆ ಹೆದರುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ಸ್ವಲ್ಪ ಕೇಳಿ.

ನಾವು ನೆಲೆಸಿರುವ ಪರದೇಶದ ಊರು ಕಾಪೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಐಲ್ಸಾಳ ತಂದೆ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಪಾದ್ರಿಯಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಹತ್ತಿರ ಬಂದರು. ನಮಗೆ ಅವರು ಪಾದ್ರಿ ಅಂಕಲ್. ಅವರ ಊರಿನಲ್ಲಿ ಕಾಗದ ನೋಡಿ ಪ್ರವಚನ ಓದುವ ಪಾದ್ರಿಗೆ ಮರ್ಯಾದೆಯಿಲ್ಲವಂತೆ. ಹಾಗಾಗಿ ಮನೆಯಿಂದ ಮನೆಗೆ ನಡೆಯುತ್ತಲೇ ಎಲ್ಲವನ್ನೂ ಬಾಯಿಪಾಠ ಮಾಡುತ್ತಿದ್ದರು. ಪದ್ಯ ಕಟ್ಟಿದ್ದೂ ಹಾಗೆಯೇ. ಹಾಲು ತರಲೂ ಕಾರು ಹತ್ತುವ ನಾನು ಸಂಜೆ ಅವರ ಜೊತೆ ನಡೆಯತೊಡಗಿದೆ. ಅವರಿಗೆ ಮರೆವು ಶುರುವಾಗಿತ್ತು, ದಾರಿ ತಪ್ಪಿದರೆ ಎಂಬ ಭಯ ನನಗೆ.

"ಇಂಥಾ ಬಿಸಲಾಗ ಮುದುಕರನ್ನ ಕರ್ಕೊಂಡು ಹೊಂಟೀಯಲ್ಲ, ಏನರ ಆದ್ರ?" ಎಂದು ನನ್ನ ಗಂಡ ಗದರುತ್ತಿದ್ದರು. ಧಾರವಾಡದವರು, ಕಾಳಜಿಯೂ ಜಗಳದ ದನಿಯಲ್ಲೇ ಬರುತ್ತದೆ.

ಹೆಂಡತಿ ತೀರಿ ವರ್ಷವಾದಾಗ, ಆಕೆಯ ಮೇಲೆ ಕಟ್ಟಿದ ಪದ್ಯವನ್ನು ಚರ್ಚಿನಲ್ಲಿ ಹೇಳುತ್ತೇನೆಂದು ಅಂಕಲ್ ಹಟ ಹಿಡಿದರು. ನನಗೆ ನಿದ್ದೆ ಹತ್ತಲಿಲ್ಲ. ನಡೆಯುವಾಗ ಸರಾಗವಾಗಿ ಬರುವ ಪದ್ಯ ಕಾರಿನಲ್ಲಿ ಕೂತರೆ ನಿಂತುಹೋಗುತ್ತಿತ್ತು. "ಬರುತ್ತೆ ಬಿಡಮ್ಮ" ಎಂದು ಪೆಪ್ಪರ್‌ಮೆಂಟು ಚೀಪುತ್ತಿದ್ದರು.

ಆ ದಿನ ಎರಡು ಸಾಲು ಹೇಳಿ ಸುಮ್ಮನಾದರು. ಐಲ್ಸಾ ಬರೆದು ತಂದಿದ್ದ ಕಾಗದ ಚಾಚಿದಳು, ಬೇಡವೆಂದು ತಲೆಯಾಡಿಸಿದರು. ಧೈರ್ಯ ಎಲ್ಲಿಂದ ಬಂತೋ, ಎದ್ದು ಹೋಗಿ, "ಅಂಕಲ್, ವಾಕಿಂಗ್ ಹೋಗೋಣ ಬನ್ನಿ" ಎಂದೆ. ತೋಳು ಹಿಡಿದು ಬೆಂಚುಗಳ ನಡುವೆ ನಡೆಸಿದೆ. ಬಾಗಿಲ ತನಕ ಹೋಗಿ ತಿರುಗುವಷ್ಟರಲ್ಲಿ ಮುಂದಿನ ಸಾಲು ಬಂತು. ಆಮೇಲೆ ಎಲ್ಲವೂ ಬಂತು.

ಈಗ ಅವರು ಹತ್ತಿರದ ರಿಚರ್ಡ್‌ಸನ್ ಊರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಬಿದ್ದು ಸೊಂಟ ಮುರಿದ ಮೇಲೆ ವೀಲ್‌ಚೇರು. ನಡಿಗೆ ನಿಂತಿತು, ಪದ್ಯವೂ ನಿಂತಿತು. ನನ್ನನ್ನು ಗುರುತಿಸದಿದ್ದರೆ ಎಂಬ ಹೆದರಿಕೆಯಲ್ಲಿ ನಾನು ಹೋಗುವುದನ್ನು ಮುಂದೂಡುತ್ತಲೇ ಇದ್ದೆ. ಇವತ್ತು ಆ ಪೆಪ್ಪರ್‌ಮೆಂಟು ಸಿಕ್ಕ ಮೇಲೆ ಹೋದೆ. ಗುರುತಿಸಲಿಲ್ಲ.

ಕುರ್ಚಿ ತಳ್ಳುತ್ತ ಅಂಗಳದಲ್ಲಿ ನಡೆದೆ. ದಿನವೂ ಕೇಳಿ ಕೇಳಿ ಆ ಪದ್ಯ ನನಗೂ ಬಾಯಿಗೆ ಬಂದಿತ್ತು. ಹೆದರುತ್ತಲೇ ಹೇಳಿದೆ. ಒಂದು ಸಾಲೂ ತಪ್ಪಲಿಲ್ಲ.

"ಚೆನ್ನಾಗಿದೆ" ಎಂದರು ಅಂಕಲ್. "ಬರೆದವನಿಗೆ ಅವಳ ಮೇಲೆ ತುಂಬಾ ಪ್ರೀತಿ ಇರಬೇಕು. ಅವಳಿಗೆ ಅದು ಗೊತ್ತಿತ್ತೇನಮ್ಮ?"

ನಾನು ಆಕೆಯನ್ನು ನೋಡಿದವಳೇ ಅಲ್ಲ.

"ಗೊತ್ತಿತ್ತು ಅಂಕಲ್" ಎಂದೆ.