ನಾನು ಬಾಯಿ, ಆಕೆ ತಾಈ

ಕಳೆದ ತಿಂಗಳು ಮಗಳ ಜೊತೆ ಪುಣೆಯ ವಿಮಾನ ನಗರದ ಮಾಲ್‌ಗೆ ಹೋಗಿದ್ದೆ. ಅವಳಿಗೆ ಕಿಟಕಿಯ ಪರದೆ ಬಟ್ಟೆ ನೋಡುವುದಿತ್ತು. ನನಗೆ ನೋಡುವುದೇನೂ ಇರಲಿಲ್ಲವಾದ್ದರಿಂದ ಎಲ್ಲವನ್ನೂ ನೋಡುತ್ತಾ ನಿಂತಿದ್ದೆ. ಆಟದ ಸಾಮಾನಿನ ಅಂಗಡಿಯೊಂದರ ಗಾಜಿನ ಬಾಗಿಲು ತೆರೆದುಕೊಂಡಾಗ ಒಳಗಿನ ತಂಪಿನ ಜೊತೆ ಹೊಸ ಹಾಕಿ ಸ್ಟಿಕ್ಕಿನ ವಾಸನೆಯೂ ಹೊರಗೆ ಬಂತು. ಮರ, ವಾರ್ನಿಶು, ಹಿಡಿಗೆ ಸುತ್ತಿದ ರಬ್ಬರು, ಮೂರೂ ಸೇರಿದ ವಾಸನೆ. ಬೇರೆ ಯಾರಿಗಾದರೂ ಅದರಿಂದ ತಮ್ಮ ಚಿಕ್ಕಂದಿನ ದಿನ ನೆನಪಾಗುತ್ತಿತ್ತೇನೋ. ನನಗೆ ಮಾತ್ರ ಹೊಟ್ಟೆಯೊಳಗೆ ಸಣ್ಣಗೆ ಉರಿದಂತಾಯಿತು. ನಿಮ್ಮ ಮುಂದೆ ಮುಚ್ಚಿಡುವುದೇಕೆ, ಅದು ಹೊಟ್ಟೆಕಿಚ್ಚು. ಹದಿನಾಲ್ಕು ವರ್ಷ ಹಳೆಯದು. ಆರಿಹೋಗಿದೆ ಎಂದು ನಾನು ತಿಳಿದುಕೊಂಡಿದ್ದೆ.

ನಾನು ಶಿವಾಜಿನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದೆ. ಹುಟ್ಟಿದ್ದು ಧಾರವಾಡ. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ಹಾಕಿ ತಂಡದಲ್ಲಿ ಫುಲ್‌ಬ್ಯಾಕ್, ಗೋಲಿನ ಮುಂದಿನ ಕಾವಲಿನವಳು. ಈ ಸಂಗತಿಯನ್ನು ಮದುವೆಯಾಗಿ ಪುಣೆಗೆ ಬಂದ ಮೊದಲ ವಾರದಲ್ಲೇ ಓಣಿಯ ಎಲ್ಲರಿಗೂ ತಿಳಿಸಿದ್ದೆ, ಕೇಳದವರಿಗೂ ತಿಳಿಸಿದ್ದೆ. ಶಾಲೆಯಲ್ಲಿ ಹುಡುಗಿಯರ ಹಾಕಿ ತಂಡ ಕಟ್ಟಿದ್ದು ನಾನೇ. ಕೆಂಪು ಗರಸಿನ ಮೈದಾನ, ಬಿದ್ದರೆ ಮೊಣಕಾಲು ಕಿತ್ತುಬರುವಂಥದ್ದು. ಬೆಳಿಗ್ಗೆ ಆರೂವರೆಗೆ ಹದಿನೆಂಟು ಹುಡುಗಿಯರು ಬರುತ್ತಿದ್ದರು. ನನ್ನ ಶಿಸ್ತು ಕಟ್ಟುನಿಟ್ಟು. ಮೊದಲು ಆರು ಸುತ್ತು ಓಟ. ಹೊಸಬರಾದರೆ ಎರಡು ವಾರ ಚೆಂಡನ್ನು ಹೊಡೆಯುವ ಹಾಗೇ ಇಲ್ಲ, ನಿಲ್ಲಿಸುವುದೊಂದೇ ಕೆಲಸ. ಬಂದ ಚೆಂಡು ಸ್ಟಿಕ್ಕಿಗೆ ತಾಗಿ ಅಲ್ಲೇ ಸಾಯಬೇಕು. ಒಂದು ಗೇಣು ಆಚೆ ಹಾರಿದರೂ ಮತ್ತೊಂದು ಸುತ್ತು ಓಟ. ಚೆಂಡು ಸಾಯುತ್ತಿತ್ತು ನಿಜ. ಅದರ ಜೊತೆ ಇನ್ನೂ ಏನೇನು ಸಾಯುತ್ತಿತ್ತು ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಮೈದಾನದ ಗೋಡೆಗೆ ಹೊಂದಿಕೊಂಡು ಉಡುಪಿ ಕಡೆಯವರ ಒಂದು ಹೋಟೆಲಿತ್ತು. ಅಭ್ಯಾಸದ ಹೊತ್ತಿಗೆ ಸರಿಯಾಗಿ ಸಾಂಬಾರಿನ ಘಮ ಬಂದು ಹುಡುಗಿಯರ ಗಮನ ಕೆಡಿಸುತ್ತಿತ್ತು. ಒಂದು ದಿನ ಚೆಂಡು ಗೋಡೆ ಹಾರಿ ಹೋಟೆಲಿನ ಹಿತ್ತಲಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ಗೇಟು ತೆರೆದು ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹೆಂಗಸೊಬ್ಬಳು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಗೆ ಉದ್ದಿನ ಹಿಟ್ಟು ಅಂಟಿತ್ತು. ಚೆಂಡನ್ನು ಎಸೆದು ಹೋಗುತ್ತಾಳೆಂದುಕೊಂಡೆ. ಆಕೆ ಹತ್ತಿರವಿದ್ದ ಹುಡುಗಿಯ ಕೈಯಿಂದ ಸ್ಟಿಕ್ಕು ಕೇಳಿ ತೆಗೆದುಕೊಂಡು, ಚೆಂಡನ್ನು ನೆಲದ ಮೇಲಿಟ್ಟು, ನಡು ಬಗ್ಗಿಸಿ ಒಮ್ಮೆ ತಳ್ಳಿದಳು. ಅದು ಆ ಉಬ್ಬು ತಗ್ಗಿನ ಗರಸಿನ ಮೇಲೆ ಗೆರೆ ಎಳೆದಂತೆ ಹೋಗಿ, ನಲವತ್ತು ಹೆಜ್ಜೆ ದೂರದಲ್ಲಿದ್ದ ಸಂಗೀತಾ ಎಂಬ ಹುಡುಗಿಯ ಸ್ಟಿಕ್ಕಿಗೆ ತಾಗಿತು.

ಅವಳ ಹೆಸರು ವಾರಿಜಾ. ಹೋಟೆಲಿನವರ ಸೊಸೆ. ಮದುವೆಗೆ ಮುಂಚೆ ಕಾಲೇಜಿನಲ್ಲಿ ಎರಡು ವರ್ಷ ಆಡಿದ್ದಳಂತೆ, ಯಾವ ದೊಡ್ಡ ತಂಡಕ್ಕೂ ಅಲ್ಲ. ಬೆಳಿಗ್ಗೆ ಅರ್ಧ ಗಂಟೆ ಬಂದು ಹೋಗಲೇ ಎಂದು ಕೇಳಿದಳು. ನಾನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡೆ. ಸಣ್ಣ ಆಟಗಾರ್ತಿಯರ ಬಗ್ಗೆ ನನ್ನ ಮನಸ್ಸು ಯಾವಾಗಲೂ ದೊಡ್ಡದೇ.

ಒಂದು ತಿಂಗಳಲ್ಲಿ ಹುಡುಗಿಯರು ಆರೂವರೆಯ ಬದಲು ಆರಕ್ಕೇ ಬರತೊಡಗಿದರು. ನನಗಾಗಿ ಅಲ್ಲ. ವಾರಿಜಾ ಅವರನ್ನು ಓಡಿಸುತ್ತಿರಲಿಲ್ಲ, ತಾನೇ ಅವರೊಡನೆ ಓಡುತ್ತಿದ್ದಳು. ಇವತ್ತು ನನಗೆ ಹೇಗೆ ಮೋಸ ಮಾಡಿ ಚೆಂಡು ಒಯ್ಯುತ್ತೀ ತೋರಿಸು ಎಂದು ಒಬ್ಬೊಬ್ಬಳನ್ನೂ ಕರೆಯುತ್ತಿದ್ದಳು. ಮೋಸ ಹೋದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಾರಾದರೂ ಹೊಸದೇನೋ ಮಾಡಲು ಹೋಗಿ ಎಡವಿಬಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ನನ್ನ ಇಡೀ ಜೀವಮಾನದಲ್ಲಿ ಎಡವಿದವರಿಗೆ ಚಪ್ಪಾಳೆ ತಟ್ಟಿದ್ದು ನಾನು ಕಂಡಿರಲಿಲ್ಲ.

ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ‘ಬಾಯಿ’ ಎನ್ನುತ್ತಾರೆ, ಗೌರವದ ಮಾತು. ಅಕ್ಕನಿಗೆ ‘ತಾಈ’. ಹುಡುಗಿಯರು ನನ್ನನ್ನು ಬಾಯಿ ಎಂದೂ ಅವಳನ್ನು ತಾಈ ಎಂದೂ ಕರೆಯುತ್ತಿದ್ದರು. ಅವರಿಗೇನು, ಅವರು ಮರಾಠಿಯಲ್ಲಿ ಕೂಗುತ್ತಿದ್ದರು. ಕನ್ನಡದ ಕಿವಿಯಲ್ಲಿ ಕೇಳಬೇಕಾದವಳು ನಾನು. ದಿನಾ ಬೆಳಿಗ್ಗೆ ನಾನು ಬರಿಯ ಬಾಯಿ, ಆಕೆ ತಾಯಿ. ಅರಚಾಡುವ ನನ್ನ ಅಭ್ಯಾಸಕ್ಕೆ ಆ ಹೆಸರು ಹೊಂದುತ್ತಿದ್ದದ್ದೇ ಹೆಚ್ಚು ನೋವಿನ ಸಂಗತಿ. ಮನೆಯಲ್ಲಿ ಗೊಣಗಿದರೆ ನನ್ನ ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ, “ಆಕಿ ಬಂದ್ರ ನಿನ್ನ ಕೆಲಸ ಹಗೂರ ಆಗ್ತದಲ್ಲ, ಛಲೋನ ಆತು” ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಸಂಗೀತಾಳ ಬಗ್ಗೆ ಹೇಳಬೇಕು. ಇಂದಾಪುರದ ಕಬ್ಬಿನ ಗದ್ದೆಯವರ ಮಗಳು, ಶಿವಾಜಿನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಹದಿಮೂರು ವರ್ಷ. ನನ್ನ ಕೈಗೆ ಸಿಕ್ಕ ಮಕ್ಕಳಲ್ಲೇ ಜಾಣ ಕಾಲಿನವಳು, ಮಹಾ ಮೈಗಳ್ಳಿ. ಅವಳಿಗೆ ಚೆಂಡು ನಿಲ್ಲಿಸಲು ಕಲಿಸಿದ್ದು ನಾನು, ಎಂಟು ತಿಂಗಳು ಹಟ ಹಿಡಿದು. ಒಂದು ಬೆಳಿಗ್ಗೆ ನಮ್ಮ ಮೈದಾನದಲ್ಲೇ ನಡೆದ ಶಾಲೆಗಳ ನಡುವಿನ ಪಂದ್ಯದಲ್ಲಿ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದವಳೂ ಅವಳೇ. ವೇಗವಾಗಿ ಬಂದ ಚೆಂಡನ್ನು ತಣ್ಣಗೆ ನಿಲ್ಲಿಸಿದಳು, ಥೇಟ್ ನಾನು ಕಲಿಸಿದ ಹಾಗೆ. ಆಮೇಲೆ ಎಡಕ್ಕೆ ತೋರಿಸಿ ಬಲಕ್ಕೆ ನುಗ್ಗಿದಳು, ಅದು ನಾನು ಕಲಿಸಿದ್ದಲ್ಲ. ಗೋಲಾಯಿತು. ಅವಳು ತಿರುಗಿ ನಾನು ನಿಂತಿದ್ದ ಕಡೆಗೇ ಓಡಿಬಂದಳು. ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ, ಗೋಡೆಯ ಬಳಿ ನಿಂತಿದ್ದ ವಾರಿಜಾಳನ್ನು ತಬ್ಬಿಕೊಂಡಳು. ಚಾಚಿದ ಕೈಗಳನ್ನು ಏನು ಮಾಡುವುದು? ಕೈಗಡಿಯಾರವನ್ನು ಸರಿಪಡಿಸಿಕೊಂಡೆ. ಬಹಳ ಹೊತ್ತು ಸರಿಪಡಿಸಿಕೊಂಡೆ.

ಮರುದಿನ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಅರ್ಜಿ ಬರೆದೆ. ಹೊರಗಿನ ವ್ಯಕ್ತಿಯೊಬ್ಬರು ಶಾಲೆಯ ಮೈದಾನಕ್ಕೆ ಬರುತ್ತಿದ್ದಾರೆ, ಅವರಿಗೆ ತರಬೇತಿಯ ಪ್ರಮಾಣಪತ್ರವಿಲ್ಲ, ಮಗುವಿಗೆ ಪೆಟ್ಟಾದರೆ ಹೊಣೆ ಯಾರು, ದಯವಿಟ್ಟು ಪರಿಶೀಲಿಸಬೇಕು. ಎಂಟೇ ಸಾಲು, ಒಂದೂ ಸುಳ್ಳಲ್ಲ. ನಾನು ಮಾಡಿದ ಕೆಟ್ಟ ಕೆಲಸಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಅವರು ಆ ಅರ್ಜಿಗೇ ಒಂದು ಷರಾ ಬರೆದು ಜವಾನನ ಕೈಯಲ್ಲಿ ಹೋಟೆಲಿಗೆ ಕಳಿಸಿದರು. ಮರುದಿನದಿಂದ ವಾರಿಜಾ ಬರಲಿಲ್ಲ.

ಮೈದಾನ ಮತ್ತೆ ನನ್ನದಾಯಿತು. ಆರು ಸುತ್ತು, ಸಾಯುವ ಚೆಂಡು. ಹದಿನೆಂಟಿದ್ದವರು ಹದಿನಾಲ್ಕಾದರು, ಹಬ್ಬದ ಹೊತ್ತಿಗೆ ಒಂಬತ್ತು. ಒಬ್ಬಳಿಗೆ ಟ್ಯೂಷನ್, ಒಬ್ಬಳಿಗೆ ಹೊಟ್ಟೆನೋವು. ಸಂಗೀತಾ ಕಾರಣವನ್ನೇ ಹೇಳಲಿಲ್ಲ. ಅತ್ತೆಯ ಮನೆಯಿಂದ ಊರಿಗೇ ಹೋಗಿಬಿಟ್ಟಳು. ಅವಳಿಲ್ಲದೆ ಜಿಲ್ಲಾ ಪಂದ್ಯಕ್ಕೆ ತಂಡವೇ ಇಲ್ಲ. ಒಂದು ಭಾನುವಾರ ಸ್ವಾರಗೇಟ್ ನಿಲ್ದಾಣದಿಂದ ಸರ್ಕಾರಿ ಎಸ್.ಟಿ. ಬಸ್ಸು ಹತ್ತಿ ಇಂದಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಅವಳ ತಂದೆಗೆ ಹೇಳಬೇಕಾದ ಬುದ್ಧಿಮಾತನ್ನು ಜೋಡಿಸಿಕೊಂಡೆ. ಜಿಲ್ಲೆ, ರಾಜ್ಯ, ಭವಿಷ್ಯ ಎಲ್ಲವೂ ಅದರಲ್ಲಿತ್ತು.

ಹೋಗಿ ನೋಡಿದರೆ ಕಬ್ಬು ಕಡಿದ ಖಾಲಿ ಹೊಲದ ಅಂಚಿನಲ್ಲಿ ಆಟ ನಡೆದಿತ್ತು. ಐದಾರು ಹುಡುಗಿಯರು, ಕೈಯಲ್ಲಿ ಬಾಗಿದ ಜಾಲಿ ಕೊಂಬೆಗಳು, ಬಟ್ಟೆ ಸುತ್ತಿದ ಚೆಂಡು. ನಡುವೆ ಸಂಗೀತಾ ಓಡುತ್ತಿದ್ದಳು, ಅಂದರೆ ಹಾಕಿ ಬಿಟ್ಟಿರಲಿಲ್ಲ. ಬಿಟ್ಟಿದ್ದು ನನ್ನನ್ನು. ನನ್ನನ್ನು ಕಂಡದ್ದೇ ತಡ, ನಗು ನಿಲ್ಲಿಸಿ ಕೊಂಬೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಜೋಡಿಸಿಕೊಂಡಿದ್ದ ಬುದ್ಧಿಮಾತೆಲ್ಲ ಅಲ್ಲೇ ಉದುರಿಹೋಯಿತು. ವಾಪಸು ಬರುತ್ತೀಯಾ ಎಂದಷ್ಟೇ ಕೇಳಿದೆ. ತಾಈ ಬರುತ್ತಾಳಾ ಎಂದು ಅವಳು ತಿರುಗಿ ಕೇಳಿದಳು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಹೋಟೆಲಿನ ಹಿತ್ತಲಿಗೆ ಹೋದೆ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತು. ವಾರಿಜಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೂತುಕೊಳ್ಳಿ ಎಂದು ಮಣೆ ಸರಿಸಿದಳು. ನಾನು ನಿಂತೇ ಹೇಳಿದೆ.

“ವಾರಿಜಾ, ಆ ಅರ್ಜಿ ಬರದಾಕಿ ನಾನು.”

“ಗೊತ್ತುಂಟು ಟೀಚರ್. ಅಷ್ಟು ಚಂದದ ಅಕ್ಷರ ಆ ಶಾಲೆಯಲ್ಲಿ ಬೇರೆ ಯಾರದ್ದುಂಟು?”

ಸಂಗೀತಾ ಊರು ಸೇರಿದ್ದನ್ನು ಹೇಳಿ, ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮಾತಾಡಿ ಎಲ್ಲ ಸರಿ ಮಾಡುತ್ತೇನೆ, ನಾಳೆಯಿಂದಲೇ ಬಾ ಎಂದೆ. ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ.

“ಇನ್ನು ಆಗ್ಲಿಕ್ಕಿಲ್ಲ ಟೀಚರ್. ನಾನು ದಿನಾ ದೇವಸ್ಥಾನ ಅಂತ ಹೇಳಿ ಬರ್ತಾ ಇದ್ದದ್ದು. ಕಾಗದ ಮಾವನ ಕೈಗೆ ಸಿಕ್ಕಿತು. ಈಗ ದೇವಸ್ಥಾನಕ್ಕೂ ಅತ್ತೆ ಜೊತೆಗೇ ಹೋಗ್ಬೇಕು.”

ಆಗ ನಾನು ಮಣೆಯ ಮೇಲೆ ಕೂತೆ. ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಎಸೆದು ಅವಳೇ ಅಂದಳು: “ನಂಗೂ ನಿಮ್ಮನ್ನು ನೋಡಿ ಹೊಟ್ಟೆ ಉರೀತಿತ್ತು. ಬೆಳಿಗ್ಗೆ ಎದ್ದು ಶೂ ಹಾಕಿ ರಾಜಾರೋಷವಾಗಿ ಮುಂಬಾಗಿಲಿನಿಂದ ಹೊರಡ್ತೀರಿ ಅಲ್ವಾ. ಯಾರೂ ಕೇಳುದಿಲ್ಲ.”

ಇಷ್ಟು ವರ್ಷ ನನಗೆ ಆ ಮುಂಬಾಗಿಲು ಕಂಡೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ದಿನ ಮನೆಗೆ ನಡೆಯುತ್ತಾ ಇನ್ನೊಂದು ತಿಳಿಯಿತು. ಮಕ್ಕಳು ಅವಳನ್ನು ಪ್ರೀತಿಸುತ್ತಾರೆಂದು ನಾನು ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ. ಹಾಗಲ್ಲ. ಅವಳಿಗೆ ಹಾಕಿ ಇಷ್ಟವಿತ್ತು, ಸುಳ್ಳು ಹೇಳಿ ಬರುವಷ್ಟು. ನನಗೆ ಇಷ್ಟವಿದ್ದದ್ದು ನಾನು ಚೆನ್ನಾಗಿ ಆಡುತ್ತೇನೆ ಎನ್ನುವುದು. ಆ ಎರಡರ ನಡುವಿನ ಅಂತರವನ್ನು ಹದಿಮೂರು ವರ್ಷದ ಹುಡುಗಿಯರು ಒಂದೇ ತಿಂಗಳಲ್ಲಿ ಕಂಡುಹಿಡಿದಿದ್ದರು.

ಹದಿನೈದು ದಿನಕ್ಕೆ ಸಂಗೀತಾ ತಾನಾಗಿ ವಾಪಸು ಬಂದಳು. ಕೈಯಲ್ಲೊಂದು ಪೋಸ್ಟ್‌ಕಾರ್ಡು. ವಾರಿಜಾ ತನ್ನ ಹರಕು ಮುರುಕು ಮರಾಠಿಯಲ್ಲಿ ಬರೆದಿದ್ದಳು. ನಿನಗೆ ಚೆಂಡು ನಿಲ್ಲಿಸಲು ಬಾಯಿ ಕಲಿಸಿದರು, ಅದು ನನಗೂ ಅಷ್ಟು ಚೆನ್ನಾಗಿ ಬರುವುದಿಲ್ಲ, ಹೋಗಿ ಅವರ ಹತ್ತಿರ ಉಳಿದದ್ದನ್ನು ಕಲಿ ಎಂದು. ಓದಿ ಸಂತೋಷಪಡಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಉರಿಯೇ. ನನ್ನ ತಂಡ ಉಳಿದದ್ದೂ ಅವಳ ಕೃಪೆಯಿಂದ. ಅವಳಿಗೆ ಕೇಡು ಮಾಡಿದ ಮೇಲೂ ಅವಳೇ ನನಗಿಂತ ಮೇಲು.

ಆದರೂ ಆರು ಸುತ್ತನ್ನು ಎರಡಕ್ಕೆ ಇಳಿಸಿದೆ. ಕೊನೆಯ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಅವರನ್ನು ಆಡಲು ಬಿಟ್ಟೆ. ಅದು ನಾನು ಮಾಡಿದ ಅತ್ಯಂತ ಕಷ್ಟದ ವ್ಯಾಯಾಮ. ಶನಿವಾರ ಮೂರಕ್ಕೆ ಹಿತ್ತಲಿಗೆ ಹೋಗಿ ಯಾರು ಹೇಗೆ ಆಡಿದರೆಂದು ವಾರಿಜಾಗೆ ವರದಿ ಒಪ್ಪಿಸುತ್ತಿದ್ದೆ. ಆಕೆ ಕೊತ್ತಂಬರಿ ಬಿಡಿಸುತ್ತಾ ಕೇಳುವಳು. ಗೋಲ್‌ಕೀಪರ್ ಹುಡುಗಿ ಹೆದರುತ್ತಾಳೆ ಎಂದರೆ, ಅವಳನ್ನು ಒಂದು ವಾರ ಮುಂದೆ ಆಡಿಸಿ ನೋಡಿ ಎನ್ನುವಳು. ಎರಡು ವರ್ಷದಲ್ಲಿ ಜಿಲ್ಲಾ ಪಂದ್ಯ ಗೆದ್ದೆವು. ಫೋಟೋದಲ್ಲಿ ಕಪ್ ಹಿಡಿದು ನಿಂತವಳು ನಾನು. ಒಂದು ಪ್ರತಿಯನ್ನು ಅವಳಿಗೂ ಕೊಟ್ಟೆ. ಬಹಳ ಹೊತ್ತು ನೋಡಿ, ಎಲ್ಲರೂ ಎಷ್ಟು ಎತ್ತರ ಆಗಿದ್ದಾರೆ ಎಂದಳು, ಅಷ್ಟೇ.

ಸಂಗೀತಾ ಈಗ ಇಂದಾಪುರದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ, ಇಪ್ಪತ್ತು ಹುಡುಗಿಯರ ತಂಡ ಅವಳದು. ಬಾಯಿ, ಒಮ್ಮೆ ಬಂದು ನೋಡಿ ಎಂದು ಮೂರು ವರ್ಷದಿಂದ ಫೋನು ಮಾಡುತ್ತಿದ್ದಳು. ನಾನು ಒಮ್ಮೆ ಮೊಣಕಾಲು, ಒಮ್ಮೆ ಮದುವೆ ಎಂದು ತಪ್ಪಿಸಿಕೊಂಡಿದ್ದೆ. ಮಾಲ್‌ನಿಂದ ಬಂದ ಸಂಜೆ ನಾನೇ ಅವಳಿಗೆ ಫೋನು ಮಾಡಿದೆ. ಆಮೇಲೆ ವಾರಿಜಾಗೆ. ಅತ್ತೆ ಮಾವ ಇಬ್ಬರೂ ಈಗಿಲ್ಲ, ಹೋಟೆಲಿನ ಗಲ್ಲಾದಲ್ಲಿ ಆಕೆಯೇ ಕೂರುತ್ತಾಳೆ. ವಿಷಯ ಹೇಳಿದರೆ, ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದಳು.

ಹೋದ ಭಾನುವಾರ ಹೋದೆವು. ಸಂಗೀತಾ ತನ್ನ ಹುಡುಗಿಯರಿಗೆ ಇವರು ಬಾಯಿ, ಇವರು ತಾಈ ಎಂದು ಪರಿಚಯಿಸಿ, ಇಬ್ಬರ ಕೈಗೂ ಸ್ಟಿಕ್ಕು ಕೊಟ್ಟು ಎದುರು ಬದುರು ತಂಡಗಳಿಗೆ ಹಾಕಿದಳು. ವಾರಿಜಾ ಚೂಡಿದಾರದ ದುಪಟ್ಟಾ ಕಟ್ಟಿಕೊಂಡಳು. ನಾನು ಐವತ್ತೊಂಬತ್ತರ ಫುಲ್‌ಬ್ಯಾಕ್, ಸೀರೆ ಎತ್ತಿ ಕಟ್ಟಿ ಗೋಲಿನ ಮುಂದೆ ನಿಂತೆ. ಐದು ನಿಮಿಷಕ್ಕೆ ಅವಳು ಚೆಂಡು ತೆಗೆದುಕೊಂಡು ನನ್ನ ಮೇಲೇ ಬಂದಳು. ಸ್ಟಿಕ್ಕನ್ನು ನೆಲಕ್ಕೆ ಒತ್ತಿ ಸಿದ್ಧಳಾದೆ. ಅವಳು ಎಡಕ್ಕೆ ತೋರಿಸಿದಳು. ಮೋಸವೆಂದು ಗೊತ್ತಿದ್ದೂ ನಾನು ಎಡಕ್ಕೇ ಹೋದೆ. ಬಲದಿಂದ ನುಗ್ಗಿದಳು. ಇಡೀ ಮೈದಾನ “ತಾಈ, ತಾಈ” ಎಂದು ಕೂಗಿತು.

ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು, ಒಂದು ಚೂರೂ ಕಡಿಮೆಯಾಗದೆ. ಹಿಂದಾಗಿದ್ದರೆ ಆಟ ನಿಲ್ಲಿಸಿ ಯಾರದಾದರೂ ಒಂದು ತಪ್ಪು ಹುಡುಕುತ್ತಿದ್ದೆ. ಈ ಸಲ ತಿರುಗಿ, ಚೆಂಡು ಕಿತ್ತುಕೊಳ್ಳಲು ಅವಳ ಹಿಂದೆಯೇ ಓಡಿದೆ. ಓಡುತ್ತಾ ನಗುತ್ತಿದ್ದದ್ದು ನಾನೇ ಎಂದು ಸ್ವಲ್ಪ ತಡವಾಗಿ ಗೊತ್ತಾಯಿತು.