ಸೂಜಿಗೆ ನಡುಗಿದ ಕೈ

ನನ್ನ ತಂಗಿಯ ಗಂಡ, ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನನಗೆ ಭಾವ, ಕಟಿಂಗ್ ಶಾಪ್ ಇಟ್ಟವರು. ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುತ್ತಲೇ ಸರ್ಕಾರ ಬೀಳಿಸಿ ಮತ್ತೆ ನಿಲ್ಲಿಸುವ ಮನುಷ್ಯ. ಅಂಥವರಿಗೆ ಮಗಳಿಗೆ ಸೂಜಿ ಚುಚ್ಚುವುದೆಂದರೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಮಗಳು ಚೂಟಿಗೆ ಐದು ವರ್ಷ. ಟೈಪ್ ಒನ್ ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೂ ಮುಂಚೆ ಬೆರಳು ಚುಚ್ಚಿ ರಕ್ತ ನೋಡಬೇಕು, ಇನ್ಸುಲಿನ್ ಕೊಡಬೇಕು. ಅದೆಲ್ಲ ನನ್ನ ತಂಗಿಯ ಪಾಲಿಗೇ ಬಿದ್ದಿತ್ತು. ಆ ಹೊತ್ತಿಗೆ ಸರಿಯಾಗಿ ಭಾವ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಅವರ ಮನೆಯಲ್ಲೇ ಇದ್ದ ನನಗೆ ಮೈ ಉರಿಯುತ್ತಿತ್ತು. ಆದರೆ ಬೈಯುವ ಬಾಯಿ ನನಗೆಲ್ಲಿ? ಸೂಜಿ ಕಂಡರೆ ನಾನೂ ಮಾರು ದೂರ.

ಊರಲ್ಲಿದ್ದ ನಮ್ಮಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ನನ್ನನ್ನು ನಂಬಿ ಅಮ್ಮನನ್ನು ಬಿಡುವಂತಿರಲಿಲ್ಲವಾದ್ದರಿಂದ ತಂಗಿಯೇ ಹೊರಟಳು. ಮನೆ ನೋಡಿಕೊಳ್ಳಲು ನಾನು ಉಳಿದೆ.

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳಿ, ನಾನು ಹೋಗಲ್ಲ" ಎಂದಳು ಗಂಡನಿಗೆ.

"ದಿನಾ ಕತ್ತಿ ಹಿಡಿಯೋನಿಗೆ ಸೂಜಿ ಯಾವ ಲೆಕ್ಕ" ಎಂದು ಭಾವ ಮೀಸೆ ತಿರುವಿದರು.

ಉತ್ತರನ ಪೌರುಷ ಒಲೆ ಮುಂದೆ ಅಂತ ಸುಮ್ಮನೆ ಹೇಳಿಲ್ಲ. ಮಧ್ಯಾಹ್ನ ಬೆರಳಿನ ಕೆಲಸ ಹೇಗೋ ಮುಗಿಯಿತು. ಎಷ್ಟು ಯೂನಿಟ್ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಇನ್ಸುಲಿನ್ ಪೆನ್ ಹಿಡಿದ ಕೈ ಮಾತ್ರ ಗಡಗಡ ನಡುಗುತ್ತಿತ್ತು. ಮಗುವಿಗೆ ಹಸಿವು, ತಟ್ಟೆಯಲ್ಲಿ ಊಟ ಆರುತ್ತಿದೆ.

"ವಾಪಸ್ ಬಾ ಅಂತ ಅವಳಿಗೆ ಹೇಳ್ಬಿಡ್ಲಾ?" ಎಂದು ಭಾವ ನನ್ನ ಮುಖ ನೋಡಿದರು.

ಚೂಟಿಗೆ ರೇಗಿತು. "ಅಪ್ಪ, ಅಂಗಡೀಲಿ ಅಳೋ ಮಕ್ಕಳಿಗೆಲ್ಲ ಕಟಿಂಗ್ ಮಾಡ್ತೀಯಲ್ಲ. ಅಲ್ಲಿಗೇ ಹೋಗೋಣ, ನಡಿ."

ಅಂಗಡಿ ಮನೆಯ ಮುಂದಿನ ಕೋಣೆಯೇ. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಅವಳೇ ಹತ್ತಿ ಕೂತಳು. ಭಾವ ಅಭ್ಯಾಸಬಲದಿಂದ ಬಿಳಿ ಬಟ್ಟೆ ಕೊಡವಿ ಅವಳ ಕುತ್ತಿಗೆಗೆ ಕಟ್ಟಿದರು.

"ಏನಮ್ಮಾ, ಸ್ಕೂಲಲ್ಲಿ ಏನು ಸಮಾಚಾರ?"

"ನಮ್ಮ ಟೀಚರ್ ಕ್ಲಾಸಲ್ಲೇ ಗೊರಕೆ ಹೊಡೀತಾರೆ."

"ಹೌದಾ? ಎಷ್ಟು ಜೋರಾಗಿ?" ಎನ್ನುತ್ತಲೇ ಬಟ್ಟೆಯಂಚು ಸರಿಸಿ ತೋಳಿಗೆ ಚುಚ್ಚಿಯಾಗಿತ್ತು. ಗೊರಕೆಯ ವರ್ಣನೆ ಮುಗಿಯುವವರೆಗೂ ಪೆನ್ನನ್ನು ಅಲುಗಿಸದೆ ಹಿಡಿದಿದ್ದರು. ಕೈಗೂ ತನ್ನ ಜಾಗ ಬೇಕೇನೋ.

ಆಮೇಲೆ ಅದೇ ಪದ್ಧತಿಯಾಯಿತು. ಮುಖಕ್ಕೆ ನೊರೆ ಮೆತ್ತಿಸಿಕೊಂಡ ಪೋಸ್ಟ್‌ಮ್ಯಾನ್ ಕೂಡ ಎದ್ದು ಚೂಟಿಗೆ ಕುರ್ಚಿ ಬಿಡಬೇಕಾಗುತ್ತಿತ್ತು.

ತಂಗಿ ಮರಳಿ ಬಂದ ಸಂಜೆ, ಬ್ಯಾಗನ್ನೂ ಬಿಚ್ಚದೆ, ಕೈ ತೊಳೆದು ಪೆನ್ನಿಗೆ ಕೈ ಚಾಚಿದಳು.

"ನೀನು ಊಟಕ್ಕೆ ಕೂತ್ಕೊ, ನಾವು ಬರ್ತೀವಿ" ಎಂದು ಭಾವ ಮಗಳನ್ನು ಅಂಗಡಿಗೆ ಎತ್ತಿಕೊಂಡು ಹೋದರು.

ಮಗುವಿನ ಸೂಜಿ, ಊಟ ಎಲ್ಲ ಮುಗಿಸಿ, ಆರಿದ್ದನ್ನು ತಿನ್ನುತ್ತಲೇ ತಂಗಿ ವರ್ಷ ಕಳೆದಿದ್ದಳು. ಅವರಿಬ್ಬರೂ ನಗುತ್ತಾ ಒಳಗೆ ಬಂದಾಗ ಅವಳು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಅಳುತ್ತಿದ್ದಳು.

"ಯಾಕೆ, ಖಾರ ಆಯ್ತಾ?" ಭಾವ ಗಾಬರಿಯಾದರು.

"ಇಲ್ಲ" ಎಂದಳು. "ಬಿಸಿಯಾಗಿದೆ."