ಮುಂದಿನ ಕಂಪ್ಯೂಟರಿನಲ್ಲೇ ಉಳಿದ ಸುದ್ದಿ

ಕರುಣಾ ಕೂತಲ್ಲಿ ಕೂರುವ ಹುಡುಗಿಯಲ್ಲ. ವಾಡಿಯ ರೈಲ್ವೆ ಗ್ಯಾಂಗ್‌ಮನ್ ಭೀಮಶ್ಯಾನ ಈ ಕಿರಿಮಗಳು ಉಣ್ಣಲು ಕೂತರೂ ಒಂದು ಕಣ್ಣು ಹೊಸ್ತಿಲ ಕಡೆಗೇ. "ಕಾಲಿಗಿ ಚಕ್ರ ಕಟ್ಕೊಂಡೀಯೇನ?" ಎಂದು ತಾಯಿ ಅನಸುಬಾಯಿ ಬೈಯುವಳು. ಅಂಥವಳು ಕಂಪ್ಯೂಟರ್ ಡಿಪ್ಲೊಮಾ ಮಾಡಿ ದಿನಕ್ಕೆ ಹತ್ತು ತಾಸು ಕಂಪ್ಯೂಟರಿನ ಮುಂದೆ ಹೇಗೆ ಕೂರುತ್ತಿದ್ದಳೋ! ಕೂರುತ್ತಿರಲಿಲ್ಲ ಬಿಡಿ, ಎರಡು ಸಾಲು ಬರೆದು ಎದ್ದು ಅಡ್ಡಾಡುತ್ತಿದ್ದಳು.

ಚಿತ್ತಾಪುರದ ನಿವೃತ್ತ ಗಣಿತದ ಮೇಷ್ಟ್ರು ವಿಠ್ಠಲರಾಯರು ರಕ್ತದಾನಿಗಳ ಒಂದು ಬಳಗ ಕಟ್ಟಿದ್ದರು. ರಕ್ತ ಬೇಕಾದಾಗ ಒಬ್ಬೊಬ್ಬರಿಗೇ ಫೋನು ಹಚ್ಚಿ ಸಾಕಾಗಿ, ೨೦೦೯ರಲ್ಲಿ ಕರುಣಾಳನ್ನು ಕರೆದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಐದೂ ಊರಿನ ಇಂಟರ್ನೆಟ್ ಅಂಗಡಿಗಳಲ್ಲಿ ಬಳಗದ ಪುಟ ಸದಾ ತೆರೆದಿರಬೇಕು, ಎಲ್ಲಿ ರಕ್ತ ಬೇಕಾದರೂ ಆ ಕ್ಷಣವೇ ಎಲ್ಲ ಕಡೆ ಗಂಟೆ ಬಾರಿಸಬೇಕು. ಇದು ಅವರ ಆಸೆ.

ಹಳೆಯ ಪದ್ಧತಿಯಲ್ಲಿ ಬ್ರೌಸರು ಕೇಳುತ್ತದೆ, ಸರ್ವರು ಉತ್ತರ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಕರುಣಾ ಹೊಸದನ್ನು ಕಲಿತು ಬರೆದಳು: ಬಾಗಿಲು ಹಾಕುವುದೇ ಇಲ್ಲ, ಉತ್ತರ ಮುಗಿಯುವುದೇ ಇಲ್ಲ, ಸುದ್ದಿ ಬಂದಂತೆ ತಳ್ಳುತ್ತಲೇ ಇರುವುದು. ವಾಡಿಯಲ್ಲಿ ಬಳಗ ಹಿಡಿದಿದ್ದ ಕೋಣೆಯಲ್ಲಿ ಎರಡು ಯಂತ್ರ. ಹಿಂದಿನದರಲ್ಲಿ ಅವಳ ಕೆಲಸ. ಮುಂದಿನದು ರಿವರ್ಸ್ ಪ್ರಾಕ್ಸಿ, ಅಂದರೆ ಹೊರಗಿನ ಕರೆಗಳನ್ನೆಲ್ಲ ತಾನು ತೆಗೆದುಕೊಂಡು ಹಿಂದಿನದಕ್ಕೆ ದಾಟಿಸಿ, ಅದರ ಉತ್ತರವನ್ನು ಹೊರಗೆ ಕೊಡುವ ಯಂತ್ರ. ಕರುಣಾಳ ಸ್ವಂತ ಕಂಪ್ಯೂಟರು ಮಾತ್ರ ಹಿಂದಿನದರ ಜೊತೆ ನೇರ ಮಾತಾಡುತ್ತಿತ್ತು. ಮೂರು ತಿಂಗಳು ಅವಳು ಪರೀಕ್ಷೆ ಮಾಡಿದ್ದು ಅದರ ಮೇಲೆಯೇ.

ಶುರುವಾದ ದಿನ ಪರೀಕ್ಷೆಗೊಂದು ಸುದ್ದಿ ಕಳಿಸಿ ಎಲ್ಲರಿಗೂ ಫೋನು ಮಾಡಿದಳು. "ಬಂತೇನ್ರಿ?"

"ಬಂತವ್ವಾ, ಭಾಳ ಛಲೋ ಬಂತು!" ಎಂದ ಶಹಾಬಾದದಲ್ಲಿ ಅಂಗಡಿ ಇಟ್ಟಿದ್ದ ಬಂದೇನವಾಜ್. ಉಳಿದವರೂ ಹಾಗೇ ಅಂದರು. ಕರುಣಾ ಆ ದಿನ ಪೇಡೆ ಹಂಚಿದಳು.

ಎರಡು ವಾರದ ಮೇಲೆ ಒಂದು ನಡುಮಧ್ಯಾಹ್ನ ಅವಳ ಪರದೆಯ ಮೇಲೆ ಗಂಟೆ ಬಾರಿಸಿತು. ಸೇಡಂನ ಆಸ್ಪತ್ರೆ, ಹೆರಿಗೆಯ ನಂತರ ರಕ್ತಸ್ರಾವ, ಓ ನೆಗೆಟಿವ್, ಕೊಡ್ಲಿಯ ಹೆಣ್ಣುಮಗಳು. ಕೆಳಗಿನ ಹೆಸರು ಓದಿ ಕುರ್ಚಿಯಿಂದ ಎದ್ದುಬಿಟ್ಟಳು. ಕೊಡ್ಲಿಗೆ ಕೊಟ್ಟಿದ್ದ ಅವಳ ಅಕ್ಕ.

ಬಳಗದಲ್ಲಿ ಆ ಗುಂಪಿನವನು ಬಂದೇನವಾಜ್ ಒಬ್ಬನೇ. ಹೊರಟರೆ 'ಹೊರಟೆ' ಎಂಬ ಗುಂಡಿ ಒತ್ತಬೇಕು. ಒತ್ತಿರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕರುಣಾ ಕೋಣೆಯ ತುಂಬ ಸುತ್ತಿದಳು, ಫೋನು ಎತ್ತಿದಳು, ಇಟ್ಟಳು.

"ಫೋನ್ ಮಾಡಬ್ಯಾಡ. ಸುದ್ದಿ ಹೋಗ್ಯದಲ್ಲ, ಇಷ್ಟೊತ್ತಿಗಿ ದಾರಿ ಹಿಡದಾನ. ಗುಂಡಿ ಒತ್ತೋದು ಮರ್ತಿರಬೇಕು," ಎಂದರು ಕೋಣೆಯಲ್ಲೇ ಇದ್ದ ಮೇಷ್ಟ್ರು. ತಾನೇ ಮಾಡಿದ ಯಂತ್ರವನ್ನು ಹೇಗೆ ಅನುಮಾನಿಸುವುದು? ಅವಳೂ ನಂಬಿದಳು. ಇಪ್ಪತ್ತೈದನೆಯ ನಿಮಿಷಕ್ಕೆ ತಡೆಯಲಾರದೆ ಹಚ್ಚಿಯೇಬಿಟ್ಟಳು.

"ಇಲ್ಲೇ ಪರದೆ ಮುಂದ ಕುಂತೀನಲ್ಲವ್ವಾ, ಮುಂಜಾನಿಂದ ನೋಡಾಕತ್ತೀನಿ. ಏನೂ ಬಂದಿಲ್ಲ," ಎಂದ ಬಂದೇನವಾಜ್. ವಿಷಯ ತಿಳಿದದ್ದೇ ಅಂಗಡಿ ತೆರೆದಿಟ್ಟೇ ಬೈಕು ಹತ್ತಿದ.

ಕರುಣಾ ಮುಂದಿನ ಯಂತ್ರದ ದಾಖಲೆ ತೆರೆದಳು. ಆ ಶಿಸ್ತಿನ ಯಂತ್ರ ಹಿಂದಿನಿಂದ ಬಂದ ಸುದ್ದಿಯನ್ನು ಉತ್ತರ ಪೂರ್ತಿಯಾಗಲೆಂದು ತನ್ನಲ್ಲೇ ಕೂಡಿಟ್ಟುಕೊಂಡಿತ್ತು. ಅವಳ ಉತ್ತರವೋ ಮುಗಿಯುವಂಥದ್ದೇ ಅಲ್ಲ. ಅಕ್ಕನ ಸುದ್ದಿ ಅವಳಿಂದ ಎರಡು ಗೇಣು ದೂರದಲ್ಲಿ ಕೂತಿತ್ತು. ಕೂಡಿಡಬೇಡ ಎಂದು ಹೇಳುವುದು ಒಂದೇ ಸಾಲಿನ ಕೆಲಸ. ಅದನ್ನು ಬರೆದು ಯಂತ್ರವನ್ನು ಮತ್ತೆ ಶುರುಮಾಡಿದಳು.

ಅಕ್ಕ ಉಳಿದಳು, ಕೂಸೂ ಉಳಿಯಿತು. ಆದರೆ ಆ ಇಪ್ಪತ್ತೈದು ನಿಮಿಷ ಕರುಣಾಳನ್ನು ಬಿಡಲಿಲ್ಲ. ಮರುವಾರ ವಾಡಿಯ ಅಂಗಡಿ ಮುಗಿಸಿ, ಬಸ್ಸು ಹಿಡಿದು ಉಳಿದ ನಾಲ್ಕೂ ಊರಿಗೆ ಹೋದಳು, ಪ್ರತಿ ಅಂಗಡಿಯಲ್ಲೂ ಕೂತು ವಾಡಿಯಿಂದ ಮೇಷ್ಟ್ರು ಕಳಿಸಿದ್ದು ಬರುವುದನ್ನು ಕಣ್ಣಾರೆ ಕಂಡಳು. ಶಹಾಬಾದದಲ್ಲಿ ಅವಳ ಸಿಟ್ಟು ಒಡೆಯಿತು.

"ಮೊದಲ್ನೇ ದಿನ ಬಂತು ಅಂದ್ರಲ್ಲ ಕಾಕಾ, ಬಂದಿತ್ತೇನು?"

ಬಂದೇನವಾಜ್ ತಲೆ ತಗ್ಗಿಸಿದ. "ಇಲ್ಲ ಬೇಟಾ. ನೀ ಅಷ್ಟು ಖುಷೀಲೆ ಕೇಳಿದಿ. ಬಂದಿಲ್ಲ ಅಂತ ಹ್ಯಾಂಗ ಅನ್ಲಿ? ಆಮ್ಯಾಲ ಬರ್ತದ ಅನ್ಕೊಂಡೆ."

ಯಾರನ್ನು ಬೈಯುವುದು? ಅಕ್ಕನ ಮೈಯಲ್ಲಿ ಹರಿಯುತ್ತಿದ್ದದ್ದು ಇವನದೇ ರಕ್ತ. ತಾನಾದರೂ ಈ ಕುರ್ಚಿಯಲ್ಲಿ ಒಂದು ದಿನ ಬಂದು ಕೂತು ನೋಡಿದ್ದಳೇ? ಕರುಣಾ ಅವನೆದುರೇ ಅತ್ತಳು.

ಅಂದಿನಿಂದ ಬಂತೇನ್ರಿ ಎಂದು ಕೇಳುವುದನ್ನು ಬಿಟ್ಟಳು. ಪ್ರತಿ ಸೋಮವಾರ ಹೊಸ ಸಾಲೊಂದನ್ನು ಕಳಿಸುವಳು, ಮನೆಯಲ್ಲಿ ಮಾಡಿದ ಪಲ್ಲೆಯದೋ, ತಡವಾದ ರೈಲಿನದೋ. ಫೋನಿನಲ್ಲಿ ಒಂದೇ ಮಾತು: "ಏನ್ ಬರದದ, ಓದ್ರಿ."

ನಾಲ್ಕನೆಯ ಸೋಮವಾರ ಬಂದೇನವಾಜ್ ಗಂಟಲು ಸರಿಮಾಡಿಕೊಂಡು ಓದತೊಡಗಿದ. "'ಅಕ್ಕ ಮನೀಗಿ ಬಂದಾಳ. ಕೂಸಿನ ಹೆಸರಿಡಾಕ...'"

ಅಲ್ಲಿಗೆ ನಿಂತ.

"ಪೂರಾ ಓದ್ರಿ ಕಾಕಾ."

"'...ಹೆಸರಿಡಾಕ ನೀವ ಬರಬೇಕಂತ,'" ಎಂದು ಓದಿ ಮುಗಿಸಿದ ಬಂದೇನವಾಜ್.